ಕಳೆ ತೆಗೆದ ಮೇಲೆ ಕೆರೆ ಹಸಿರಾದದ್ದೇಕೆ?

ಪ್ರಶ್ನೆ: ತುಮಕೂರು ಜಿಲ್ಲೆಯ ನಮ್ಮೂರ ಕೆರೆ ಸುಮಾರು ನಲವತ್ತು ಎಕರೆಯದು. ಪಕ್ಕದ ಪಟ್ಟಣದ ಒಂದು ಚರಂಡಿ ಅದಕ್ಕೆ ಬಂದು ಸೇರುತ್ತದೆ. ಎಂಟು ಹತ್ತು ವರ್ಷ ಕೆರೆಯ ತುಂಬ ನೇರಳೆ ಹೂವಿನ ಅಂತರಗಂಗೆ ಹಬ್ಬಿ ನೀರೇ ಕಾಣುತ್ತಿರಲಿಲ್ಲ. ಹಿಂದಿನ ವರ್ಷ ಊರಿನವರು ಹಣ ಕೂಡಿಸಿ, ಜೆಸಿಬಿ ತರಿಸಿ, ಕಳೆಯ ಜೊತೆಗೆ ಅಂಚಿನ ಜೊಂಡು, ಆಪು ಎಲ್ಲವನ್ನೂ ಬಳಿದು ದಡದಲ್ಲಿ ರಾಶಿ ಹಾಕಿಸಿದೆವು. ಒಂದು ಮಳೆಗಾಲ ಕೆರೆ ಕನ್ನಡಿಯಂತಿತ್ತು. ಈ ಬೇಸಗೆಯಲ್ಲಿ ನೀರು ಹಸಿರು ಬಣ್ಣ ಕಲಸಿದ ಹಾಗಿದೆ. ಒಂದು ಬೆಳಿಗ್ಗೆ ಮೀನುಗಳೆಲ್ಲ ಸತ್ತು ತೇಲಿದವು. ಮಧ್ಯಾಹ್ನ ನೀರು ತೆಗೆದು ಪರೀಕ್ಷೆಗೆ ಕಳಿಸಿದರೆ ‘ಡಿ ದರ್ಜೆ, ಮೀನುಗಾರಿಕೆಗೆ ಯೋಗ್ಯ’ ಎಂದು ವರದಿ ಬಂತು! ಸೂಕ್ಷ್ಮಜೀವಿಗಳ ಪುಡಿ ಹಾಕಿದರೆ ಸರಿಯಾಗುತ್ತದೆ ಎಂದು ಒಬ್ಬರು, ಮೈಲುತುತ್ತ ಹಾಕಿ ಎಂದು ಇನ್ನೊಬ್ಬರು. ಕಳೆ ತೆಗೆದದ್ದೇ ತಪ್ಪಾಯಿತೆ? ದನಗಳಿಗೆ ಈ ನೀರು ಕುಡಿಸಬಹುದೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ನಾಳೆಗೆ ಕಾಯುವಂಥದ್ದಲ್ಲ. ಕುಡಿಸಬೇಡಿ. ಬಣ್ಣ ಕಲಸಿದಂಥ ಹಸಿರು, ಗಾಳಿ ತಳ್ಳಿದ ಕಡೆಯ ದಡದಲ್ಲಿ ಕೆನೆಯಂಥ ಪದರ, ಜೊತೆಗೆ ಹಳಸಿದ ವಾಸನೆ, ಈ ಮೂರೂ ಸೇರಿದರೆ ಅದು ಬಹುಮಟ್ಟಿಗೆ ನೀಲಿ-ಹಸಿರು ಪಾಚಿಯೇ. ಹೆಸರಿಗೆ ಪಾಚಿ, ಕುಲದಿಂದ ಬ್ಯಾಕ್ಟೀರಿಯಾ. ಅದರ ಕೆಲವು ಬಗೆಗಳು, ನಮ್ಮ ಕೆರೆಗಳಲ್ಲಿ ಬಹು ಸಾಮಾನ್ಯವಾದ ಮೈಕ್ರೋಸಿಸ್ಟಿಸ್ ಅವುಗಳಲ್ಲೊಂದು, ಯಕೃತ್ತನ್ನು ಕೆಡಿಸುವ ವಿಷವನ್ನು ತಯಾರಿಸಬಲ್ಲವು. ಇದು ಹೊಸ ಸುದ್ದಿಯೂ ಅಲ್ಲ. ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದ ಹಸಿರು ಕೆನೆ ಕುಡಿದು ಕುರಿ, ದನ, ಕುದುರೆಗಳು ಸತ್ತದ್ದನ್ನು ಜಾರ್ಜ್ ಫ್ರಾನ್ಸಿಸ್ ಎಂಬುವರು 1878ರಲ್ಲೇ ‘ನೇಚರ್’ ಪತ್ರಿಕೆಗೆ ಬರೆದಿದ್ದರು. 2014ರ ಆಗಸ್ಟಿನಲ್ಲಿ ಅಮೆರಿಕದ ಟೊಲೆಡೊ ನಗರದಲ್ಲಿ ಈರಿ ಸರೋವರದ ಇದೇ ಪಾಚಿಯಿಂದಾಗಿ ಸುಮಾರು ನಾಲ್ಕು ಲಕ್ಷ ಜನ ಎರಡು ಮೂರು ದಿನ ನಲ್ಲಿ ನೀರು ಕುಡಿಯುವಂತಿರಲಿಲ್ಲ. ಕುಡಿಯುವ ನೀರಿನಲ್ಲಿ ಮೈಕ್ರೋಸಿಸ್ಟಿನ್-ಎಲ್‌ಆರ್ ಎಂಬ ಈ ವಿಷಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ ಒಂದು ಮೈಕ್ರೋಗ್ರಾಂ. ಕಾಯಿಸಿದರೆ ಹೋಗುವುದಿಲ್ಲ; ಕುದಿದು ನೀರು ಬತ್ತಿದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ, ಅಷ್ಟೇ.

ಪಾಚಿ ಯಾವುದೆಂದು ಮನೆಯಲ್ಲೇ ಒಂದಿಷ್ಟು ಅಂದಾಜು ಮಾಡಬಹುದು. ಉಪ್ಪಿನಕಾಯಿಯ ಗಾಜಿನ ಜಾಡಿಯೊಂದನ್ನು ಚೆನ್ನಾಗಿ ತೊಳೆದು, ಕೈಗೆ ಗ್ಲೌಸ್ ಹಾಕಿಕೊಂಡು, ಮುಕ್ಕಾಲು ಭಾಗ ಕೆರೆ ನೀರು ತುಂಬಿ ಒಂದು ರಾತ್ರಿ ಅಲುಗಾಡಿಸದೆ ಇಡಿ. ಬೆಳಿಗ್ಗೆ ಹಸಿರೆಲ್ಲ ಮೇಲಕ್ಕೆ ಬಂದು ಉಂಗುರ ಕಟ್ಟಿದ್ದರೆ ಅದು ನೀಲಿ-ಹಸಿರು ಪಾಚಿ ಎಂದೇ ತಿಳಿಯಿರಿ. ಅದರ ಜೀವಕೋಶದೊಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಚೀಲಗಳಿರುತ್ತವೆ, ಅದಕ್ಕೇ ತೇಲುತ್ತದೆ. ಹಸಿರು ತಳಕ್ಕಿಳಿದಿದ್ದರೆ ಅಥವಾ ಕೋಲು ಅದ್ದಿದಾಗ ಕೂದಲಿನಂತೆ ಸುತ್ತಿಕೊಂಡು ಬಂದರೆ ಸಾಮಾನ್ಯ ಹಸಿರು ಪಾಚಿ ಇರಬಹುದು. ವಿಷ ಇದೆಯೋ ಇಲ್ಲವೋ ಎಂದು ಜಾಡಿ ಹೇಳುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ಉಂಗುರ ಕಂಡರೆ ಅಲ್ಲಿಯವರೆಗೆ ದನಗಳನ್ನು ಕೊಳವೆಬಾವಿಯ ತೊಟ್ಟಿಗೆ ಅಟ್ಟಿ, ಮಕ್ಕಳನ್ನು ಈಜಲು ಬಿಡಬೇಡಿ.

ಈಗ ಮೂಲ ಪ್ರಶ್ನೆ. ಅಂತರಗಂಗೆ ತೆಗೆದದ್ದು ತಪ್ಪಲ್ಲ. ಅದರ ಜೊತೆಗೆ ಬೇರೆ ಗಿಡಗಳನ್ನೂ ಬೋಳಿಸಿದ್ದು ತಪ್ಪು; ಚರಂಡಿಯನ್ನು ಹಾಗೇ ಬಿಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು. ಅಂತರಗಂಗೆಯೂ ಪಾಚಿಯೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತವರು. ಬಡಿಸುತ್ತಿರುವವರು ನಾವು. ಎಲೆಯ ಮುಂದಿನಿಂದ ಒಬ್ಬನನ್ನು ಎಬ್ಬಿಸಿ, ಬಡಿಸುವುದನ್ನು ಮಾತ್ರ ನಿಲ್ಲಿಸದಿದ್ದರೆ ಆ ಎಲೆಗೆ ಇನ್ನೊಬ್ಬ ಬಂದು ಕೂರುತ್ತಾನೆ.

ಆ ಊಟದಲ್ಲಿ ಮುಖ್ಯವಾದದ್ದು ರಂಜಕ, ಅಂದರೆ ನೀವು ಹೊಲಕ್ಕೆ ಹಾಕುವ ಡಿಎಪಿಯಲ್ಲಿರುವ ಫಾಸ್ಫರಸ್. ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ ಪ್ರಯೋಗವೊಂದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಾಡಿನ ನಡುವಿನ ಕೆರೆಯಲ್ಲಿ ನಡೆಯಿತು. ಅಲ್ಲಿ ಸಂಶೋಧನೆಗೆಂದೇ ಮೀಸಲಿಟ್ಟ ಹತ್ತಾರು ಕೆರೆಗಳಿವೆ, ಅವುಗಳಿಗೆ ಹೆಸರಿನ ಬದಲು ಸಂಖ್ಯೆ. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 226ನೇ ಕೆರೆಯ ಸೊಂಟದಂಥ ಕಿರಿದಾದ ಜಾಗದಲ್ಲಿ ದಪ್ಪ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ಕೆರೆಯನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಇಂಗಾಲ, ಸಾರಜನಕ. ಇನ್ನೊಂದಕ್ಕೆ ಇಂಗಾಲ, ಸಾರಜನಕ ಮತ್ತು ರಂಜಕ. ಕೆಲವೇ ವಾರಗಳಲ್ಲಿ ರಂಜಕ ಬಿದ್ದ ಪಾಲು ಹಸಿರುಗಟ್ಟಿತು, ಇನ್ನೊಂದು ಪಾಲು ಮೊದಲಿನ ಹಾಗೆಯೇ ಕಪ್ಪಗೆ ಉಳಿಯಿತು. ವಿಮಾನದಿಂದ ತೆಗೆದ ಆ ಕೆರೆಯ ಚಿತ್ರವನ್ನು ನೋಡದೆ ನಮ್ಮ ವಿಷಯವಾದ ಕೆರೆ ವಿಜ್ಞಾನದಲ್ಲಿ ಪದವಿ ಪಡೆದವರು ಇರಲಿಕ್ಕಿಲ್ಲ. ಸಾಬೂನು ಪುಡಿಯಲ್ಲಿನ ಫಾಸ್ಫೇಟಿಗೂ ಕೆರೆಗೂ ಸಂಬಂಧವಿಲ್ಲ ಎಂದು ಆಗ ವಾದಿಸುತ್ತಿದ್ದವರ ಬಾಯಿ ಅದರಿಂದ ಬಹುಮಟ್ಟಿಗೆ ಮುಚ್ಚಿತು. ಸಾರಜನಕದ ಪಾತ್ರವೂ ಸಣ್ಣದಲ್ಲ, ನಮ್ಮಂಥ ಬಿಸಿಲ ನಾಡಿನ ಆಳವಿಲ್ಲದ ಕೆರೆಗಳಲ್ಲಿ ಇನ್ನೂ ಹೆಚ್ಚು. ಆ ವಾದ ಇಂದಿಗೂ ನಡೆದಿದೆ. ಆದರೆ ಸಾರಜನಕ ಸಾಲದೆ ಹೋದರೆ ಕೆಲವು ನೀಲಿ-ಹಸಿರು ಪಾಚಿಗಳು ಅದನ್ನು ಗಾಳಿಯಿಂದಲೇ ಹಿಡಿದುಕೊಳ್ಳುತ್ತವೆ. ರಂಜಕಕ್ಕೆ ಗಾಳಿಯಲ್ಲಿ ಅಂಥ ಕಣಜವಿಲ್ಲ. ಹಾಗಾಗಿ ಹಿಡಿದು ನಿಲ್ಲಿಸಬಹುದಾದದ್ದು ಅದನ್ನೇ.

ಎಷ್ಟು ರಂಜಕ ಎಷ್ಟು ಪಾಚಿಯಾಗುತ್ತದೆ? ಒಂದು ಕಿಲೋ ರಂಜಕದಿಂದ ಸುಮಾರು ಐನೂರು ಕಿಲೋ ಹಸಿ ಪಾಚಿ ಬೆಳೆಯಬಲ್ಲದು ಎಂಬುದು ನಮ್ಮ ಪಠ್ಯಪುಸ್ತಕಗಳ ಹಳೆಯ ಲೆಕ್ಕ. ಮನುಷ್ಯನೊಬ್ಬನ ಮಲಮೂತ್ರದಲ್ಲಿ ದಿನಕ್ಕೆ ಹೆಚ್ಚುಕಡಿಮೆ ಒಂದು ಗ್ರಾಂ ರಂಜಕ ಹೊರಬೀಳುತ್ತದೆ. ನಿಮ್ಮ ಪಟ್ಟಣದ ಚರಂಡಿಗೆ ಒಂದು ಸಾವಿರ ಜನರ ಶೌಚದ ನೀರು ಸೇರುತ್ತಿದೆ ಎಂದುಕೊಳ್ಳಿ. ವರ್ಷಕ್ಕೆ ಮುನ್ನೂರೈವತ್ತು ಕಿಲೋ ದಾಟಿತು. ಬಟ್ಟೆ ಒಗೆದ ನೀರು, ಹೊಲದಿಂದ ಕೊಚ್ಚಿ ಬಂದ ಗೊಬ್ಬರ ಇದರಲ್ಲಿ ಸೇರಿಲ್ಲ. ಈಗ ಇದನ್ನು ಅಂತರಗಂಗೆ ಕಿತ್ತೇ ಹೊರಹಾಕುತ್ತೇವೆ ಎಂದು ಹೊರಟರೆ? ಅಂತರಗಂಗೆಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಬರೀ ನೀರು. ಒಂದು ಟನ್ ಹಸಿ ಕಳೆ ಎತ್ತಿದರೆ ಅದರಲ್ಲಿ ಸಿಗುವ ರಂಜಕ ಇನ್ನೂರು ಗ್ರಾಂ ಆಸುಪಾಸು. ಸಾವಿರ ಜನರ ಲೆಕ್ಕ ಚುಕ್ತಾ ಮಾಡಲು ವರ್ಷಕ್ಕೆ ಸುಮಾರು ಸಾವಿರದ ಎಂಟುನೂರು ಟನ್ ಕಳೆ ಎತ್ತಬೇಕು. ಜೆಸಿಬಿಯ ಬಾಡಿಗೆ ನಿಮಗೇ ಗೊತ್ತು.

ಅದಿರಲಿ, ಎತ್ತಿದ್ದನ್ನೂ ನೀವು ದಡದಲ್ಲೇ ರಾಶಿ ಹಾಕಿದ್ದೀರಿ. ಇದು ಎಲ್ಲ ಊರಿನಲ್ಲೂ ನಡೆಯುತ್ತದೆ, ಮತ್ತು ನಾನು ಹೋದಲ್ಲೆಲ್ಲ ಇದಕ್ಕಾಗಿ ಜಗಳವಾಡಿದ್ದೇನೆ. ಮೊದಲ ಮಳೆಗೆ ಆ ರಾಶಿ ಕೊಳೆತು ಕಪ್ಪು ರಸವಾಗಿ ಪುನಃ ಕೆರೆಗೇ ಇಳಿಯುತ್ತದೆ. ನಮ್ಮ ಹಿರಿಯರು ಬೇಸಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿ ಗೋಡುಮಣ್ಣನ್ನು ಹೊಲಕ್ಕೆ ಸಾಗಿಸುತ್ತಿದ್ದರು. ಹೊಲಕ್ಕೆ ಗೊಬ್ಬರ ಬೇಕೆಂದು ಅವರು ಮಾಡಿದ ಕೆಲಸ ಕೆರೆಯಿಂದ ವರ್ಷವರ್ಷವೂ ರಂಜಕ ತೆಗೆಯುವ ಅತಿ ಅಗ್ಗದ ವಿಧಾನವೂ ಆಗಿತ್ತು. ಯೂರಿಯಾ ಚೀಲ ಬಂದ ಮೇಲೆ ಗಾಡಿ ನಿಂತಿತು, ಗೋಡು ಕೆರೆಯಲ್ಲೇ ಉಳಿಯಿತು. ನಿಮ್ಮ ದಡದ ರಾಶಿಯಲ್ಲಿ ಉಳಿದಿರುವುದನ್ನು ಮುಂಗಾರು ಬೀಳುವ ಮೊದಲು ತೋಟಗಳಿಗೆ ಸಾಗಿಸಿ. ಚರಂಡಿಗೆ ಕಾರ್ಖಾನೆಯ ನೀರು ಸೇರುತ್ತಿದ್ದರೆ ಮಾತ್ರ ಮೊದಲು ಭಾರಲೋಹಗಳ ಪರೀಕ್ಷೆ ಮಾಡಿಸಿ. ಅಂತರಗಂಗೆ ಅವುಗಳನ್ನೂ ಹೀರಿ ಬೇರಿನಲ್ಲಿ ಇಟ್ಟುಕೊಳ್ಳುತ್ತದೆ.

‘ಒಂದು ಮಳೆಗಾಲ ಕನ್ನಡಿಯಂತಿತ್ತು’ ಎಂದಿದ್ದೀರಿ. ಆ ಮಾತೇ ನನಗೆ ಹೆಚ್ಚು ಹೇಳಿತು. ಆಳವಿಲ್ಲದ ಕೆರೆಗೆ ಎರಡು ಸ್ಥಿತಿಗಳಿರುತ್ತವೆ, ಎರಡೂ ತಮ್ಮನ್ನು ತಾವೇ ಕಾಪಾಡಿಕೊಳ್ಳುತ್ತವೆ. ನೆದರ್ಲೆಂಡ್ಸಿನ ಮಾರ್ಟೆನ್ ಶೆಫರ್ 1990ರ ದಶಕದಲ್ಲಿ ಅಲ್ಲಿನ ಕೆರೆಗಳನ್ನು ಅಭ್ಯಾಸ ಮಾಡಿ ಇದನ್ನು ಚೆನ್ನಾಗಿ ವಿವರಿಸಿದರು. ನೀರು ತಿಳಿಯಾಗಿದ್ದರೆ ಬಿಸಿಲು ತಳ ಮುಟ್ಟುತ್ತದೆ, ತಳದಲ್ಲಿ ಮುಳುಗುಗಿಡಗಳು ಬೆಳೆಯುತ್ತವೆ, ಹೈಡ್ರಿಲ್ಲ, ವ್ಯಾಲಿಸ್ನೇರಿಯದಂಥವು. ಅವು ಕೆಸರನ್ನು ಬೇರಿನಿಂದ ಹಿಡಿದಿಡುತ್ತವೆ. ಅವುಗಳ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಗಾತ್ರದ ಡ್ಯಾಫ್ನಿಯಾ ಮೊದಲಾದ ಜೀವಿಗಳು ಮೀನಿನ ಕಣ್ಣಿಗೆ ಬೀಳದೆ ಹಗಲು ಕಳೆದು ಪಾಚಿಯನ್ನು ಸೋಸಿ ತಿನ್ನುತ್ತವೆ. ಹೀಗಾಗಿ ನೀರು ತಿಳಿಯಾಗಿಯೇ ಉಳಿಯುತ್ತದೆ. ಗಿಡಗಳು ಹೋದವೆಂದರೆ ಗಾಳಿಗೆ ಕೆಸರು ಏಳುತ್ತದೆ, ಪಾಚಿ ಬೆಳೆಯುತ್ತದೆ, ಬಿಸಿಲು ತಳ ಮುಟ್ಟುವುದಿಲ್ಲ, ಆದ್ದರಿಂದ ಗಿಡ ಮತ್ತೆ ಹುಟ್ಟುವುದೂ ಇಲ್ಲ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಕೆರೆ ನಿಧಾನವಾಗಿ ಜಾರುವುದಿಲ್ಲ, ತಕ್ಕಡಿ ಮಗುಚಿದ ಹಾಗೆ ಮಗುಚುತ್ತದೆ. ಅಂತರಗಂಗೆಯ ಚಾಪೆ ಸರಿದ ಮೇಲೆ ನಿಮ್ಮ ಕೆರೆಗೆ ಕೆಲವು ತಿಂಗಳು ತಿಳಿನೀರಿನ ಅವಕಾಶ ಸಿಕ್ಕಿತ್ತು. ಅಂಚಿನ ಜೊಂಡು ಇದ್ದಿದ್ದರೆ, ತಳದಲ್ಲಿ ಗಿಡ ಏಳಲು ಬಿಟ್ಟಿದ್ದರೆ ಅದು ಇನ್ನಷ್ಟು ಕಾಲ ತಾಳಿಕೊಳ್ಳುತ್ತಿತ್ತೋ ಏನೋ. ಆ ಅವಧಿಯಲ್ಲಿ ಮೀನುಮರಿ ಬಿಟ್ಟಿರಲ್ಲವೆ? ಸಾಮಾನ್ಯ ಗೆಂಡೆ ಇತ್ತೆ? ಅದು ತಳದ ಕೆಸರನ್ನು ಹಂದಿಯಂತೆ ಕೆದಕಿ ತಿನ್ನುವ ಮೀನು. ಹುಲ್ಲುಗೆಂಡೆಯಾದರೆ ಎಳೆಯ ಗಿಡಗಳನ್ನೇ ಮೇಯುತ್ತದೆ. ಹರಾಜು ಹಿಡಿದವರನ್ನು ಕೇಳಿ ನೋಡಿ.

ಇನ್ನು ಮೀನು ಸತ್ತ ಬೆಳಿಗ್ಗೆ ಮತ್ತು ‘ಡಿ’ ದರ್ಜೆಯ ವರದಿ. ಇದರಲ್ಲಿ ಪ್ರಯೋಗಾಲಯದವರ ತಪ್ಪೇನೂ ಇಲ್ಲದಿರಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಡಿ’ ದರ್ಜೆಗೆ ಬೇಕಾದದ್ದು ಮೂರೇ: ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಹೆಚ್ಚು, ಪಿಎಚ್ (ನೀರು ಹುಳಿಯೋ ಕ್ಷಾರವೋ ಎಂಬುದರ ಅಳತೆ) 6.5ರಿಂದ 8.5, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಅಥವಾ ಕಡಿಮೆ. ರಂಜಕದ ಹೆಸರೇ ಇಲ್ಲ. ‘ಎ’ಯಿಂದ ‘ಇ’ವರೆಗಿನ ಯಾವ ದರ್ಜೆಯ ಮಾನದಂಡದಲ್ಲೂ ಇಲ್ಲ. ಕೆರೆ ಹಸಿರಾಗುವುದಕ್ಕೆ ಕಾರಣವಾದದ್ದನ್ನೇ ಅಳೆಯದ ವರದಿಯನ್ನು ಹಿಡಿದುಕೊಂಡು ನಾವು ಕೆರೆಯ ಆರೋಗ್ಯ ಚರ್ಚಿಸುತ್ತೇವೆ. ಇಷ್ಟು ವರ್ಷವಾದರೂ ನನಗೆ ಇದು ಅಭ್ಯಾಸವಾಗಿಲ್ಲ.

ಎರಡನೆಯದು ಹೊತ್ತು. ಪಾಚಿ ತುಂಬಿದ ಕೆರೆಯಲ್ಲಿ ಬಿಸಿಲಿರುವಾಗ ಆಮ್ಲಜನಕ ಉಕ್ಕುತ್ತದೆ, ಮಧ್ಯಾಹ್ನ ಲೀಟರಿಗೆ ಹದಿನೈದು ಮಿಲಿಗ್ರಾಂ ಕಂಡರೂ ಆಶ್ಚರ್ಯವಿಲ್ಲ. ಸೂರ್ಯ ಮುಳುಗಿದ ಮೇಲೆ ಅದೇ ಪಾಚಿ, ತಳದ ಕೆಸರು, ಮೀನು ಎಲ್ಲವೂ ಸೇರಿ ಅದನ್ನು ಉಸಿರಾಡಿ ಮುಗಿಸುತ್ತವೆ. ಕೋಳಿ ಕೂಗುವ ಹೊತ್ತಿಗೆ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಒಂದು ಕೆರೆಯನ್ನು ಮಧ್ಯಾಹ್ನ ಎರಡು ಗಂಟೆಗೆ ಅಳೆದು, ‘ಆಮ್ಲಜನಕ ಸಮೃದ್ಧವಾಗಿದೆ’ ಎಂದು ಮೀನುಗಾರರ ಎದುರು ದೊಡ್ಡದಾಗಿ ಹೇಳಿ ಬಂದಿದ್ದೆ. ಮೂರನೆಯ ದಿನ ಬೆಳಿಗ್ಗೆ ಅವರೇ ಕರೆದು ಸತ್ತ ಕಾಟ್ಲಾಗಳ ಸಾಲು ತೋರಿಸಿದರು. ಬೈಯಲಿಲ್ಲ, ಸುಮ್ಮನೆ ತೋರಿಸಿದರು. ಅಂದಿನಿಂದ ನನ್ನ ಅಳತೆ ಸೂರ್ಯೋದಯಕ್ಕೆ ಮೊದಲು ಶುರುವಾಗುತ್ತದೆ. ಮೋಡ ಕವಿದ ದಿನದ ಮಾರನೆಯ ಬೆಳಿಗ್ಗೆ ಇನ್ನೂ ಅಪಾಯ, ಹಿಂದಿನ ದಿನದ ಗಳಿಕೆಯೇ ಕಡಿಮೆ ಇರುತ್ತದೆ. ಇದರ ಮೇಲೆ ಅಮೋನಿಯಾದ ಆಟ ಬೇರೆ. ಪಾಚಿ ಹಗಲಿನಲ್ಲಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿದಾಗ ಪಿಎಚ್ ಏರುತ್ತದೆ. ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದ ನೂರರಲ್ಲಿ ಒಂದು ಪಾಲೂ ವಿಷರೂಪದಲ್ಲಿ, ಅಂದರೆ ಮುಕ್ತ ಅಮೋನಿಯಾ ಆಗಿ, ಇರುವುದಿಲ್ಲ. 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 9 ಮುಟ್ಟಿದರೆ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ವಿಷವಾಗುತ್ತದೆ. ಚರಂಡಿ ನೀರು ಬರುವ ಕೆರೆಯಲ್ಲಿ ಮೀನು ಹಗಲಿಗೆ ಅಮೋನಿಯಾಕ್ಕೂ ಇರುಳಿಗೆ ಉಸಿರುಗಟ್ಟುವುದಕ್ಕೂ ಸಿಕ್ಕಿಬೀಳುತ್ತದೆ.

ಪುಡಿಯ ವಿಚಾರ. ಮಾರುವವರು ಮೋಸಗಾರರೆಂದು ನಾನು ಹೇಳುತ್ತಿಲ್ಲ. ವಾಸನೆ ಸ್ವಲ್ಪ ದಿನ ಕಡಿಮೆಯಾಗಬಹುದು, ಕೆಸರಿನ ಕೊಳೆತ ಚುರುಕಾಗಬಹುದು. ಆದರೆ ರಂಜಕವು ಆವಿಯಾಗಿ ಹಾರಿಹೋಗುವ ವಸ್ತುವಲ್ಲ. ಯಾವ ಸೂಕ್ಷ್ಮಜೀವಿ ಅದನ್ನು ತಿಂದರೂ ಸತ್ತಾಗ ಅಲ್ಲೇ ಬಿಡುತ್ತದೆ. ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ಹಾಕುವ ಮೊದಲು ಮತ್ತು ಹಾಕಿ ಆರು ತಿಂಗಳಾದ ಮೇಲೆ ಒಟ್ಟು ರಂಜಕ ಎಷ್ಟಿತ್ತು? ಮೈಲುತುತ್ತವಂತೂ ಬೇಡವೇ ಬೇಡ. ಅದರಿಂದ ಪಾಚಿ ಸಾಯುತ್ತದೆ, ನಿಜ. ಸಾಯುವಾಗ ಜೀವಕೋಶ ಒಡೆದು ಒಳಗಿದ್ದ ವಿಷವೆಲ್ಲ ಒಮ್ಮೆಗೇ ನೀರಿಗೆ ಬೀಳುತ್ತದೆ, ಕೊಳೆಯುವ ರಾಶಿ ಉಳಿದ ಆಮ್ಲಜನಕವನ್ನೂ ಎಳೆದುಕೊಳ್ಳುತ್ತದೆ, ಮೈಲುತುತ್ತದಲ್ಲಿರುವ ತಾಮ್ರ ಕೆಸರಿನಲ್ಲಿ ಕೂರುತ್ತದೆ. ಮುಂದಿನ ತಿಂಗಳು ಹೊಸ ಪಾಚಿ. ದ್ರಾಕ್ಷಿ, ಅಡಿಕೆ ತೋಟದಲ್ಲಿ ಬೋರ್ಡೋ ದ್ರಾವಣಕ್ಕೆ ಅದು ಸರಿ.

ಹಾಗಾದರೆ ಏನು ಮಾಡಬೇಕು? ಚರಂಡಿಯ ನೀರು ನೇರವಾಗಿ ಕೆರೆಗೆ ಬೀಳುವುದನ್ನು ತಪ್ಪಿಸಬೇಕು; ಉಳಿದದ್ದೆಲ್ಲ ಅದರ ನಂತರ. ಪಟ್ಟಣದವರು ಶುದ್ಧೀಕರಣ ಘಟಕ ಕಟ್ಟಿಸುತ್ತೇವೆ ಎಂದರೂ ಎಚ್ಚರವಿರಲಿ. ಸಾಮಾನ್ಯ ಘಟಕಗಳು ಕೊಳೆಯುವ ವಸ್ತುವನ್ನು ತೆಗೆಯುತ್ತವೆ, ರಂಜಕದ ಬಹುಪಾಲನ್ನು ಹಾಗೇ ಹೊರಬಿಡುತ್ತವೆ. ಲೀಟರಿಗೆ 0.1 ಮಿಲಿಗ್ರಾಂ ಒಟ್ಟು ರಂಜಕ ದಾಟಿದ ಕೆರೆಯನ್ನು ಅತಿಪೋಷಿತ ಎನ್ನುತ್ತೇವೆ. ಘಟಕದಿಂದ ಬರುವ ‘ಶುದ್ಧ’ ನೀರಿನಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ. ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರ ಕೆಟ್ಟದ್ದೂ ಶುದ್ಧೀಕರಿಸಿದ ಕೊಳಚೆ ನೀರಿನಿಂದಲೇ. 1955ರಲ್ಲಿ ಅಲ್ಲಿ ನೀಲಿ-ಹಸಿರು ಪಾಚಿ ಕಾಣಿಸಿಕೊಂಡಾಗ ಡಬ್ಲ್ಯು. ಟಿ. ಎಡ್ಮಂಡ್ಸನ್ ಎಂಬ ವಿಜ್ಞಾನಿ ಎಚ್ಚರಿಸಿದರು. ಜನ ಮತ ಹಾಕಿ ತೆರಿಗೆ ಒಪ್ಪಿಕೊಂಡರು, 1963ರಿಂದ 1968ರ ನಡುವೆ ಆ ನೀರನ್ನು ಸರೋವರದಿಂದ ಪೂರ್ತಿಯಾಗಿ ಬೇರೆಡೆ ತಿರುಗಿಸಿದರು. ಬೇಸಗೆಯಲ್ಲಿ ಒಂದು ಮೀಟರ್ ಆಳಕ್ಕೆ ಮಬ್ಬಾಗುತ್ತಿದ್ದ ನೀರು ಕೆಲವೇ ವರ್ಷಗಳಲ್ಲಿ ಮೂರು ಮೀಟರ್ ಆಳದವರೆಗೂ ಕಾಣತೊಡಗಿತು. ಅದು ಆಳವಾದ ಸರೋವರ, ಬೇಗ ಚೇತರಿಸಿಕೊಂಡಿತು. ನಿಮ್ಮ ಕೆರೆ ಅಷ್ಟು ಬೇಗ ಮಾತು ಕೇಳುವುದಿಲ್ಲ. ದಶಕಗಳ ರಂಜಕ ಹೂಳಿನಲ್ಲಿ ಕಬ್ಬಿಣದೊಂದಿಗೆ ಸೇರಿ ಕೂತಿದೆ. ತಳದಲ್ಲಿ ಆಮ್ಲಜನಕ ಮುಗಿದಾಗೆಲ್ಲ ಅದು ಬಿಡಿಸಿಕೊಂಡು ಮೇಲಕ್ಕೆ ಬರುತ್ತದೆ. ಚರಂಡಿ ನಿಲ್ಲಿಸಿದ ಮೊದಲ ಎರಡು ಮೂರು ಬೇಸಗೆ ಪಾಚಿ ಬಂದರೆ ಧೈರ್ಯಗೆಡಬೇಡಿ.

ಪೂರ್ತಿ ತಿರುಗಿಸುವುದು ಸಾಧ್ಯವಾಗದಿದ್ದರೆ ಬೆಂಗಳೂರಿನ ಜಕ್ಕೂರು ಕೆರೆಯನ್ನು ಒಮ್ಮೆ ನೋಡಿ ಬನ್ನಿ. ಅಲ್ಲಿ ಶುದ್ಧೀಕರಣ ಘಟಕದ ನೀರು ನೇರವಾಗಿ ಕೆರೆಗೆ ಇಳಿಯುವುದಿಲ್ಲ. ಮೊದಲು ಆಪು, ಜೊಂಡು ಬೆಳೆದ ಜೌಗಿನಲ್ಲಿ ಹರಡಿ, ನಿಧಾನಿಸಿ, ಆಮೇಲೆ ಕೆರೆಗೆ ಬರುತ್ತದೆ. ಬೇರುಗಳ ಸಂದಿಯಲ್ಲಿ ಕೆಸರು ಕೂರುತ್ತದೆ, ಸೂಕ್ಷ್ಮಜೀವಿಗಳು ಸಾರಜನಕದ ಒಂದು ಪಾಲನ್ನು ಗಾಳಿಗೆ ಬಿಡುತ್ತವೆ, ಗಿಡಗಳು ರಂಜಕ ಹೀರುತ್ತವೆ. ಹೀರಿದ ಗಿಡವನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸದಿದ್ದರೆ ಜೌಗೂ ಒಂದು ದಿನ ಹೊಟ್ಟೆ ತುಂಬಿ ಕೈಚೆಲ್ಲುತ್ತದೆ. ನಿಮ್ಮ ಚರಂಡಿ ಕೆರೆ ಸೇರುವ ಮೂಲೆಯಲ್ಲಿ ಎರಡು ಮೂರು ಎಕರೆಯನ್ನು ತಗ್ಗು ಬದುವಿನಿಂದ ಬೇರೆ ಮಾಡಿ ಆಪು ಹಬ್ಬಲು ಬಿಡಿ. ಊರಿನ ಹಿರಿಯರು ‘ಮತ್ತೆ ಕಳೆಯೇ?’ ಎಂದು ಗದರುತ್ತಾರೆ. ನಾಮದ ಕೋಳಿ ಅಲ್ಲಿ ಗೂಡು ಕಟ್ಟುವವರೆಗೆ ತಾಳಿಕೊಳ್ಳಿ.

ಅಂತರಗಂಗೆ ಮಾತ್ರ ಆ ಬದು ದಾಟದ ಹಾಗೆ ನೋಡಿಕೊಳ್ಳಬೇಕು. ಅಮೆಜಾನ್ ಕಡೆಯಿಂದ ಹೂವಿನ ಚಂದಕ್ಕೆ ಬಂದ ಈ ಗಿಡ ಹದ ಸಿಕ್ಕರೆ ಎರಡು ವಾರದೊಳಗೆ ಇಮ್ಮಡಿಯಾಗುತ್ತದೆ. ಅದನ್ನು ತಿನ್ನುವ ನಿಯೋಕೆಟಿನಾ ಎಂಬ ಮೂತಿಹುಳುಗಳನ್ನು ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1980ರ ದಶಕದ ಆರಂಭದಲ್ಲೇ ತರಿಸಿ ನಮ್ಮ ಕೆರೆಗಳಲ್ಲಿ ಬಿಟ್ಟಿದ್ದರು. ಹುಳು ಕೆಲಸ ಮಾಡುತ್ತದೆ, ಆದರೆ ಅದಕ್ಕೆ ವರ್ಷಗಳು ಬೇಕು. ನಾವು ನಡುವೆ ಜೆಸಿಬಿ ಇಳಿಸಿ ಗಿಡದ ಜೊತೆ ಹುಳುವನ್ನೂ ಎತ್ತಿ ಹಾಕುತ್ತೇವೆ; ಉಳಿದ ನಾಲ್ಕು ಗಿಡ ಹುಳುವಿಲ್ಲದೆ ಮತ್ತೆ ಹಬ್ಬುತ್ತದೆ. ನಿಮ್ಮಲ್ಲಿ ಈಗ ಅಲ್ಲೊಂದು ಇಲ್ಲೊಂದು ಗಿಡ ಇರುವಾಗಲೇ ತೆಪ್ಪದಲ್ಲಿ ಹೋಗಿ ಕೈಯಿಂದ ಕೀಳುವುದು ಎಲ್ಲಕ್ಕಿಂತ ಅಗ್ಗ.

ಕೊನೆಯದಾಗಿ, ಅಳತೆ. ಪ್ರಯೋಗಾಲಯಕ್ಕೆ ಹಣ ಕೊಡುವುದಾದರೆ ಒಟ್ಟು ರಂಜಕ ಮತ್ತು ಪತ್ರಹರಿತ್ತು (ಪಾಚಿ ಎಷ್ಟಿದೆ ಎಂದು ತಿಳಿಸುವ ಹಸಿರು ವಸ್ತು) ಎರಡನ್ನೂ ಕೇಳಿ ಅಳೆಸಿ, ಕರಗಿದ ಆಮ್ಲಜನಕವನ್ನು ಬೆಳಗಿನ ಜಾವ ಕೆರೆಯಲ್ಲೇ ನೋಡಿಸಿ. ಉಳಿದದ್ದಕ್ಕೆ ಒಂದು ತಟ್ಟೆ ಸಾಕು. 1865ರಲ್ಲಿ ಇಟಲಿಯ ಪಾದ್ರಿ ಹಾಗೂ ಖಗೋಳಜ್ಞ ಆಂಜೆಲೊ ಸೆಕ್ಕಿ ಬಿಳಿ ತಟ್ಟೆಯನ್ನು ಸಮುದ್ರಕ್ಕೆ ಇಳಿಬಿಟ್ಟು ನೀರಿನ ತಿಳಿಯನ್ನು ಅಳೆದರು. ಇವತ್ತಿಗೂ ನಾವು ಬಳಸುವುದು ಅದನ್ನೇ. ಇಪ್ಪತ್ತು ಸೆಂಟಿಮೀಟರ್ ಅಗಲದ ತಗಡನ್ನು ನಾಲ್ಕು ಕಾಲುಭಾಗ ಮಾಡಿ ಕಪ್ಪು ಬಿಳುಪು ಬಳಿಯಿರಿ, ಅಡಿಗೆ ಕಲ್ಲು ಕಟ್ಟಿ, ಗುರುತು ಹಾಕಿದ ಹಗ್ಗದಲ್ಲಿ ತೆಪ್ಪದ ನೆರಳಿನ ಕಡೆ ಇಳಿಸಿ, ಕಾಣದಾಗುವ ಆಳವನ್ನು ಬರೆದಿಡಿ. ನಿಮ್ಮ ಪ್ರೌಢಶಾಲೆಯ ಮಕ್ಕಳಿಗೆ ಒಪ್ಪಿಸಿದರೆ ತಪ್ಪದೆ ಮಾಡುತ್ತಾರೆ. ಹದಿನೈದು ದಿನಕ್ಕೊಮ್ಮೆ, ಅದೇ ಜಾಗ, ಅದೇ ಹೊತ್ತು. ಈಗ ಇಳಿಸಿದರೆ ಒಂದು ಗೇಣಿಗೇ ತಟ್ಟೆ ಮಾಯವಾಗುತ್ತದೆ ಎಂಬುದು ನನ್ನ ಊಹೆ. ಚರಂಡಿ ತಿರುಗಿಸಿದ ಮೇಲೆ ಯಾವ ತಿಂಗಳಲ್ಲಿ ಅದು ಎರಡು ಮೊಳ ದಾಟಿತು ಎಂದು ನನಗೆ ಬರೆಯಿರಿ. ಮೀನುಮರಿಯ ಮಾತನ್ನು ಆಗ ಆಡೋಣ.